ಹನ್ನೊಂದು ಗದ್ದೆಯ ಭತ್ತ

1958, ಆಗಸ್ಟ್ 24

ಅಕ್ಷರ ಚೆನ್ನಾಗಿಲ್ಲ, ಕ್ಷಮಿಸಬೇಕು. ಯಾರನ್ನು ಕೇಳಿಕೊಳ್ಳುತ್ತಿದ್ದೇನೋ ಗೊತ್ತಿಲ್ಲ, ಈ ಪುಸ್ತಕವನ್ನು ಯಾರಿಗೂ ತೋರಿಸುವುದಿಲ್ಲ. ಬಹುಶಃ ವೆನ್ ಮೇಷ್ಟ್ರನ್ನು ಇರಬೇಕು. ನಾಲ್ಕನೆಯ ತರಗತಿಯವರೆಗೆ ನನಗೆ ಕಲಿಸಿದವರು ಅವರೇ. ಹೋದ ವರ್ಷ ಅವರನ್ನು ಲಾರಿಯಲ್ಲಿ ಕರೆದುಕೊಂಡು ಹೋದರು, ಮತ್ತೆ ಬರಲಿಲ್ಲ. ಗೋಡೆಯ ಮೇಲೆ ನನ್ನ ಎತ್ತರದ ಅಕ್ಷರ ಬರೆ ಎಂದರೆ ಬರೆಯುತ್ತೇನೆ, ನಮ್ಮ ತಾವ್‌ಶೀ ಊರಿನ ಗೋಡೆಬರಹವೆಲ್ಲ ನನ್ನದೇ. ಬೆರಳಗಲದ ಅಕ್ಷರ ಮಾತ್ರ ಇರುವೆ ಸತ್ತು ಬಿದ್ದ ಹಾಗೆ ಬರುತ್ತದೆ. ತಪ್ಪುಗಳೂ ಇರುತ್ತವೆ. ಬಾರದ ಅಕ್ಷರದ ಜಾಗದಲ್ಲಿ ಒಂದು ಸೊನ್ನೆ ಹಾಕಿ ಮುಂದೆ ಹೋಗುತ್ತೇನೆ. ಅದು ಮೇಷ್ಟ್ರು ಹೇಳಿಕೊಟ್ಟ ಉಪಾಯ.

ಬಾಯಲ್ಲಿ ಹೇಳಲಾಗದ್ದಕ್ಕೆ ಬರೆಯುತ್ತಿದ್ದೇನೆ. ನಾಲ್ಕು ಜನರ ಎದುರು ಬಾಯಿ ತೆರೆದರೆ ನನ್ನ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಹತ್ತೊಂಬತ್ತು ವರ್ಷವಾದರೂ ಸಭೆಯಲ್ಲಿ ನಾನು ಇದುವರೆಗೆ ಒಂದು ಮಾತೂ ಆಡಿಲ್ಲ.

ಮೂರು ದಿನದಿಂದ ಮೈ ಉರಿಯುತ್ತಿದೆ. ಕೊಯ್ಲಿಗೆ ಬಂದಿದ್ದ ಹನ್ನೊಂದು ಗದ್ದೆಗಳ ಭತ್ತವನ್ನು ಬೇರುಸಹಿತ ಕಿತ್ತು, ಕೆರೆಯ ಪಕ್ಕದ ಒಂದೇ ಗದ್ದೆಗೆ ತಂದು ನಿಲ್ಲಿಸಿದೆವು. ನೆಟ್ಟೆವು ಎನ್ನಲು ಬರುವುದಿಲ್ಲ, ತುರುಕಿದೆವು. ಹನ್ನೊಂದು ಎಂದು ನಾನೇ ಎಣಿಸಿದ್ದೇನೆ. ಕಿತ್ತವರಲ್ಲಿ ನಾನೂ ಒಬ್ಬಳು, ಬೆರಳ ಸಂದಿಯಲ್ಲಿ ಸೀಳಿದ ಗಾಯ ಇನ್ನೂ ಹಸಿಯಾಗಿದೆ.

ಕಾರ್ಯದರ್ಶಿ ಕುವಾಂಗ್ ಬದುವಿನ ಮೇಲೆ ನಿಂತು ಇನ್ನೂ ಒತ್ತಿ, ಇನ್ನೂ ಒತ್ತಿ ಎನ್ನುತ್ತಿದ್ದ. ಅವನೇನು ಪರವೂರಿನವನಲ್ಲ, ದೋಣಿಯವನ ಮಗ, ನಮ್ಮ ತಾತನ ಹಿಂದೆ ನಿಂತು ನಾಟಿ ಕಲಿತವನು. ತಾತ ಕೆಲಸ ನಿಲ್ಲಿಸಿ ಅವನನ್ನು ಕರೆದರು.

"ಏ ಕುವಾಂಗ, ಭತ್ತಾನೂ ಉಸಿರಾಡಬೇಕು ಕಣಪ್ಪ. ನಿಮ್ಮಪ್ಪನ ದೋಣೀಲಿ ನಲವತ್ತು ಜನದ ಮಧ್ಯೆ ನಿನ್ನ ತುರುಕಿದ್ರೆ ಎಷ್ಟೊತ್ತು ಬದುಕ್ತೀಯ?"

ಎಲ್ಲರೂ ನಕ್ಕರು. ಕುವಾಂಗನೂ ನಕ್ಕ.

"ಎರಡು ದಿನ ನಿಂತ್ಕೊಂಡ್ರೆ ಸಾಕು ತಾತ. ಫೋಟೋದೋರು ಬಂದು ಹೋಗ್ಲಿ, ಆಮೇಲೆ ಅದು ಉಸಿರಾಡ್ಲಿ ಬಿಡ್ಲಿ."

ಆಮೇಲೆ ನನ್ನ ಕಡೆ ತಿರುಗಿ ನಮ್ಮ ಮನೆಯ ಊಟದ ಬೆಂಚನ್ನು ತಾ ಎಂದ. ಅದರ ಒಂದು ಕಾಲು ಗಿಡ್ಡ, ತಾತ ಅದಕ್ಕೆ ಬಿದಿರಿನ ತುಂಡು ಕಟ್ಟಿದ್ದಾರೆ. ತಲೆಯ ಮೇಲೆ ಹೊತ್ತು ತಂದು ಭತ್ತದ ನಡುವೆ ನಾನೇ ಇಟ್ಟೆ. ನಾಲ್ಕು ಮಕ್ಕಳನ್ನು ಅದರ ಮೇಲೆ ನಿಲ್ಲಿಸಿ ಸುತ್ತ ತೆನೆ ಎಳೆದು ಮುಚ್ಚಿದರು. ಪತ್ರಿಕೆಯವನು ಫೋಟೋ ಹೊಡೆದುಕೊಂಡ. ತೆನೆ ಎಷ್ಟು ಒತ್ತಾಗಿದೆ ಎಂದರೆ ಮಕ್ಕಳು ಅದರ ಮೇಲೇ ನಿಂತಿದ್ದಾರೆ, ಹಾಗೆ.

ಸುಳ್ಳು. ಇದನ್ನು ಬರೆಯಲು ನನಗೆ ಸೊನ್ನೆ ಬೇಕಿಲ್ಲ, ಈ ಅಕ್ಷರ ಗೊತ್ತಿದೆ.

ಆಗಸ್ಟ್ 26

ಇವತ್ತು ಒಂದೇ ಗೋಡೆಯನ್ನು ಮೂರು ಸಲ ಬರೆದೆ.

ಗೋದಾಮಿನ ಗೋಡೆ, ರಸ್ತೆಗೆ ಕಾಣುವಂಥದ್ದು. ಆ ಗದ್ದೆಯ ಇಳುವರಿಯನ್ನು ಬರೆ ಎಂದು ಬೆಳಿಗ್ಗೆ ಕುವಾಂಗ್ ಹೇಳಿದ: ಒಂದು ಗದ್ದೆಗೆ ಎಂಟು ಸಾವಿರ ಜಿನ್. ಗದ್ದೆಗೆ ನಾನೂರು ಜಿನ್ ಭತ್ತ ತೂಗಿದ ವರ್ಷ ತಾತ ಒಂದು ಬಟ್ಟಲು ಹೆಂಡ ಹೆಚ್ಚಿಗೆ ಕುಡಿಯುತ್ತಿದ್ದರು. ಇನ್ನೂ ಕೊಯ್ದೇ ಇಲ್ಲ, ತೂಗಿಯೂ ಇಲ್ಲ. ಬರೆದೆ. ಬಣ್ಣ ಆರುವ ಮೊದಲೇ ಕಮ್ಯೂನ್ ಕಚೇರಿಗೆ ಫೋನು ಬಂತು, ಹೊಳೆಯಾಚೆಯವರು ಇಪ್ಪತ್ತು ಸಾವಿರ ಎಂದು ಹೇಳಿಬಿಟ್ಟಿದ್ದಾರಂತೆ. ಕುವಾಂಗ್ ಓಡಿಬಂದು ಅಳಿಸು ಎಂದ. ಸುಣ್ಣ ಬಳಿದು ಇಪ್ಪತ್ತೈದು ಸಾವಿರ ಬರೆದೆ. ಊಟ ಮಾಡಿ ಬರುವಷ್ಟರಲ್ಲಿ ಮತ್ತೆ ನಿಂತಿದ್ದ. ನಲವತ್ತೆರಡು ಸಾವಿರ.

ಏಣಿಯ ಮೇಲಿಂದ ಅವನ ತಲೆಯ ಮೇಲೆ ಸುಣ್ಣದ ಬಕೆಟ್ಟು ಬೋರಲು ಹಾಕಬೇಕು ಅನ್ನಿಸಿತು. ಕುಂಚ ಜಾರಿ ಬಣ್ಣ ಸೋರಿತು. ಅದನ್ನು ಕಂಡು ಅವನು, "ಯಾನ್, ಹುಷಾರು ಕಣಮ್ಮ, ಇದು ಪ್ರಾಂತದೋರೆಲ್ಲ ನೋಡೋ ಗೋಡೆ" ಎಂದ.

ನಾನು ಏನೂ ಹೇಳಲಿಲ್ಲ. ಯಾವತ್ತು ಹೇಳಿದ್ದೇನೆ?

ಆಗಸ್ಟ್ 30

ಭತ್ತ ಕೊಳೆಯುತ್ತಿದೆ. ಗದ್ದೆಯೊಳಗೆ ಕೈ ಹಾಕಿದರೆ ತಿಪ್ಪೆಯ ಹಾಗೆ ಬಿಸಿ. ತಾತ ಬಿದಿರಿನ ಕೋಲು ತೂರಿಸಿ ಗಾಳಿಯಾಡಿಸಲು ನೋಡಿದರು. ಆಮೇಲೆ ಕೊಟ್ಟಿಗೆಯ ತೂರುವ ಯಂತ್ರವನ್ನೇ ತಂದು ಬದುವಿನಲ್ಲಿಟ್ಟು ತಿರುಗಿಸಿದೆವು, ನಿಂತ ಭತ್ತಕ್ಕೆ ಬೀಸಣಿಗೆ. ನೋಡಿದವರಿಗೆ ನಮಗೆಲ್ಲ ಹುಚ್ಚು ಹಿಡಿದಿದೆ ಎನ್ನಿಸಬೇಕು. ಹನ್ನೊಂದು ಗದ್ದೆ. ಅರ್ಧಕ್ಕರ್ಧ ಕಪ್ಪಾಗಿದೆ.

ತಾತ ಅಳಲಿಲ್ಲ. ಒಂದು ತೆನೆ ಉಜ್ಜಿ ನೋಡಿ ಕೆರೆಗೆ ಎಸೆದರು.

ಸೆಪ್ಟೆಂಬರ್ 12

ಇನ್ನು ಮನೆಯಲ್ಲಿ ಯಾರೂ ಬೇಯಿಸುವಂತಿಲ್ಲ, ಎಲ್ಲರಿಗೂ ಕಮ್ಯೂನಿನ ಅಡುಗೆಮನೆಯಲ್ಲೇ ಊಟ. ಬಾಣಲೆಗಳನ್ನು ಕುಲುಮೆಗೆ ಕೊಡಬೇಕು, ಕರಗಿಸಿ ಉಕ್ಕು ಮಾಡುತ್ತಾರೆ. ಅವ್ವ ತನ್ನ ಮದುವೆಯ ಬಾಣಲೆಯನ್ನು ಹಾಸಿಗೆಯ ಕೆಳಗೆ ತಳ್ಳಿದ್ದಳು, ಕುವಾಂಗನ ಜನ ಬಂದು ಎಳೆದು ಅಂಗಳದಲ್ಲೇ ಒಡೆದರು. ಅಣ್ಣನನ್ನು ಗುಡ್ಡದ ಕುಲುಮೆಗೆ ಕಳಿಸಿ ಒಂದು ತಿಂಗಳಾಯಿತು. ಅತ್ತಿಗೆಗೆ ಎಂಟು ತಿಂಗಳು, ಹೊಟ್ಟೆ ಹೊತ್ತುಕೊಂಡು ಅಡುಗೆಮನೆಯ ಸಾಲಿನಲ್ಲಿ ನಿಲ್ಲುತ್ತಾಳೆ.

ಅವ್ವ ಆ ಬಾಣಲೆಯ ಚೂರೊಂದನ್ನು ಎತ್ತಿಕೊಂಡು ನನ್ನನ್ನು ಕೇಳಿದಳು: "ಇದನ್ನೂ ಗೋಡೆ ಮೇಲೆ ಬರೀತೀಯೇನೇ?"

ನನ್ನ ಮೇಲೆ ಯಾಕೆ ಸಿಟ್ಟು? ನಾನೇನು ಒಡೆದೆನೇ? ಅವರು ಏನು ಬರೆ ಎನ್ನುತ್ತಾರೋ ಅದನ್ನು ಬರೆಯುತ್ತೇನೆ.

ಒಂದು ಮಾತು ಬರೆಯದೆ ಬಿಡಬಾರದು. ಅಡುಗೆಮನೆಯಲ್ಲಿ ಹೊಟ್ಟೆತುಂಬ ಅನ್ನ ಹಾಕುತ್ತಿದ್ದಾರೆ. ನಿನ್ನೆ ಹಂದಿಮಾಂಸವೂ ಇತ್ತು. ಮೂರು ಬಟ್ಟಲು ತಿಂದೆ.

ಸೆಪ್ಟೆಂಬರ್ 17

ಪತ್ರಿಕೆ ಬಂತು. ಕುವಾಂಗ್ ಕಾರ್ಯದರ್ಶಿ ಅದನ್ನು ಅಡುಗೆಮನೆಯ ಕಂಬಕ್ಕೆ ಅಂಟಿಸಿದ್ದಾನೆ. ಮಕ್ಕಳು ತೆನೆಯ ಮೇಲೆ ನಿಂತಿದ್ದಾರೆ. ಪಕ್ಕದಲ್ಲಿ ಇನ್ನೊಂದು ಫೋಟೋ, ಅದರಲ್ಲಿ ನನ್ನ ಗೋಡೆ. ನಲವತ್ತೆರಡು ಸಾವಿರ, ಅಷ್ಟಗಲ, ಒಂದು ಗೆರೆಯೂ ಸೊಟ್ಟಗಿಲ್ಲ. ಪೀಕಿಂಗಿನಲ್ಲಿ ಕೂತವರೂ ನನ್ನ ಅಕ್ಷರ ನೋಡಿರುತ್ತಾರೆ.

ಜನವೆಲ್ಲ ಹೋದಮೇಲೆ ಮತ್ತೆ ಹತ್ತಿರ ಹೋಗಿ ನೋಡಿದೆ. ಬೆಂಚು ಎಲ್ಲೂ ಕಾಣುವುದಿಲ್ಲ. ಬೆಂಚು ಇತ್ತು ಎಂದು ಗೊತ್ತಿರುವ ನನಗೇ ಕಾಣುವುದಿಲ್ಲ.

ಸೆಪ್ಟೆಂಬರ್ 29

ಬೇರೆ ಬೇರೆ ಜಿಲ್ಲೆಗಳಿಂದ ಜನ ಗದ್ದೆ ನೋಡಲು ಬರುತ್ತಿದ್ದಾರೆ. ಗದ್ದೆಯಲ್ಲಿ ಈಗ ಏನಿದೆ, ಬರೀ ಕೆಸರು. ಅದಕ್ಕೇ ಎಲ್ಲರನ್ನೂ ನನ್ನ ಗೋಡೆಯ ಮುಂದೆ ಕರೆತಂದು ನಿಲ್ಲಿಸುತ್ತಾರೆ.

ಇವತ್ತು ಒಬ್ಬ ಮುದುಕ ಬಂದಿದ್ದ. ಎರಡು ದಿನ ನಡೆದು ಬಂದಿದ್ದನಂತೆ, ಹುಲ್ಲಿನ ಚಪ್ಪಲಿ ಹರಿದುಹೋಗಿತ್ತು. ಜೊತೆಯವರೆಲ್ಲ ಮುಂದೆ ಹೋದಮೇಲೆ ಏಣಿಯ ಕೆಳಗೆ ನಿಂತು ಮೆಲ್ಲಗೆ ಕೇಳಿದ. "ಮಗಳೇ, ನೀನು ಇದೇ ಊರೋಳು. ನಿಜ ಹೇಳು, ಅಷ್ಟು ಹೆಂಗೆ ಬೆಳೆದ್ರಿ? ನಮ್ಮೂರಲ್ಲಿ ಅಷ್ಟು ತೋರಿಸು ಅಂತ ನಮ್ಮನ್ನ ಕೊಲ್ತಾವ್ರೆ."

ನನ್ನ ಗಂಟಲು ಕಟ್ಟಿತು. ಎಂದಿನ ಹಾಗೆ. ಆಗ ಕಣ್ಣು ಗೋಡೆಯ ಮೇಲೆ ಬಿತ್ತು. ನೋಡಿಕೊಂಡು ಓದಿದ ಹಾಗೆ ಹೇಳಿದೆ: "ಆಳ ಉಳುಮೆ, ಒತ್ತು ನಾಟಿ, ಬೆಳೆಗೆ ಮಿತಿಯಿಲ್ಲ."

ಒಂದು ಕಡೆಯೂ ತಡವರಿಸಲಿಲ್ಲ. ಗುರುತಿಲ್ಲದವನ ಜೊತೆ ನಾನು ಇಷ್ಟು ಸರಾಗವಾಗಿ ಮಾತಾಡಿದ್ದು ಇದೇ ಮೊದಲು. ಮುದುಕ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ತಲೆಯಾಡಿಸಿ ಹೋದ. ಅವನ ನೋಟ ನನಗೆ ಹಿಡಿಸಲಿಲ್ಲ. ನಾವೇನು ಕಳ್ಳರೇ? ಏಳೆಂಟು ಗದ್ದೆಯ ಭತ್ತವನ್ನು ಸೇರಿಸಿದ್ದು ನಿಜ. ಆದರೆ ಸೇರಿಸಿದವರು ಮೂರು ದಿನ ಬೆನ್ನು ಮುರಿಯುವ ಹಾಗೆ ದುಡಿದದ್ದೂ ನಿಜವೇ ತಾನೆ.

ಅಕ್ಟೋಬರ್ 21

ಚಾಂದ್ರಮಾನದ ಒಂಬತ್ತನೆಯ ತಿಂಗಳ ಒಂಬತ್ತನೆಯ ದಿನ, ಹಿರಿಯರ ಹಬ್ಬ. ಪ್ರತಿ ವರ್ಷದ ಹಾಗೆ ತಾತನ ಪೆಟ್ಟಿಗೆಗೆ ಎಣ್ಣೆ ಹಚ್ಚಿದೆ. ಅರವತ್ತು ತುಂಬಿದ ವರ್ಷ ತಾತ ತಮಗೆಂದು ತಾವೇ ಮರ ಆರಿಸಿ ಕೊಯ್ಯಿಸಿ ಈ ಶವಪೆಟ್ಟಿಗೆ ಮಾಡಿಸಿದ್ದು. ನನಗೆ ಆಗ ಒಂಬತ್ತು ವರ್ಷ. ಕುಂಚ ಹಿಡಿಯುವುದನ್ನು ನಾನು ಕಲಿತದ್ದೇ ಆ ಹಲಗೆಗಳ ಮೇಲೆ. ಹತ್ತು ವರ್ಷ, ಹತ್ತು ಸಲ ಎಣ್ಣೆ. ಬೆರಳಿನಿಂದ ತಟ್ಟಿದರೆ ಗಂಟೆಯ ಹಾಗೆ ಸದ್ದು ಮಾಡುತ್ತದೆ. ತಾತ ಪಕ್ಕದಲ್ಲೇ ಕೂತು, "ಮೂಲೆಗೆ ಸರಿಯಾಗಿ ಹಚ್ಚವ್ವ, ಅಲ್ಲಿ ನನ್ನ ಕಾಲು ಬರ್ತದೆ, ಮಳೆಗಾಲದಲ್ಲಿ ಶೀತ ಆಗ್ಬಾರ್ದು" ಎಂದರು. ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಕ್ಕಿದ್ದಕ್ಕೋ ಏನೋ, ಮಧ್ಯಾಹ್ನ ನೋವು ಶುರುವಾಗಿ ಸಂಜೆಗೆ ಹೆತ್ತಳು. ಹೆಣ್ಣು. ತಾತ ಅದಕ್ಕೆ ಅಕ್ಕಿಕಾಳು ಎಂದು ಹೆಸರಿಟ್ಟರು. ಅಷ್ಟೇ ಚಿಕ್ಕದು, ಅಷ್ಟೇ ಬೆಳ್ಳಗಿದೆ.

ನವೆಂಬರ್ 18

ಲಾರಿಗಳು ಬಂದು ಭತ್ತ ಕೊಂಡೊಯ್ದವು. ನಲವತ್ತೆರಡು ಸಾವಿರ ಬೆಳೆದ ಊರು ಎಂಬ ಲೆಕ್ಕದಲ್ಲಿ ಸರ್ಕಾರದ ಪಾಲು ಕೇಳಿದ್ದಾರೆ. ಗೋದಾಮು ಗುಡಿಸಿದರೂ ಸಾಲಲಿಲ್ಲ. ಮುಂದಿನ ವರ್ಷದ ಬಿತ್ತನೆಯ ಬೀಜವನ್ನೂ ತುಂಬಿಕೊಂಡರು. ಅಡುಗೆಮನೆಯಲ್ಲಿ ಅನ್ನ ಹೋಗಿ ಗಂಜಿ ಬಂದಿದೆ, ಗಂಜಿಯಲ್ಲಿ ಮುಖ ಕಾಣುತ್ತದೆ.

ಬೀಜ ಹೋದ ದಿನ ತಾತ ಗದ್ದೆಯ ಬದುವಿನಲ್ಲಿ ಕೂತು ಎಲ್ಲರಿಗೂ ಕೇಳುವ ಹಾಗೆ ಕುವಾಂಗನ ಅಪ್ಪ, ಅಜ್ಜ, ದೋಣಿ, ಹುಟ್ಟು ಎಲ್ಲವನ್ನೂ ಬೈದ. ನನಗೆ ನಾಚಿಕೆಯಾಯಿತು. ಸಿಟ್ಟು ನನಗೂ ಇದೆ. ಕುವಾಂಗ್ ಕಾರ್ಯದರ್ಶಿ ಸಂಖ್ಯೆ ಕೊಟ್ಟದ್ದು ತಪ್ಪು. ಆದರೆ ಯೋಚಿಸುತ್ತೇನೆ, ಅವರೊಬ್ಬರೇ ಕೊಟ್ಟದ್ದೇ? ಜಿಲ್ಲೆಯವರು ನೋಡಿದರು, ಪ್ರಾಂತದವರು ನೋಡಿದರು, ಪತ್ರಿಕೆಯವರು ಅಚ್ಚು ಹಾಕಿದರು. ಅಷ್ಟು ಓದಿದ ಜನರೆಲ್ಲ ಒಟ್ಟಿಗೆ ತಪ್ಪಾಗುವುದು ಸಾಧ್ಯವೇ? ಮೂರೋ ನಾಲ್ಕೋ ಗದ್ದೆಯ ಭತ್ತ ಸೇರಿಸಿದ್ದೆವು. ಉಳಿದದ್ದು ಆ ಗದ್ದೆಯಲ್ಲೇ ಬೆಳೆದದ್ದಿರಬೇಕು.

ಡಿಸೆಂಬರ್ 9

ಗೋಡೆ ಬರೆದೆ. ಚಳಿ. ಏಣಿ ಇಳಿಯುವಾಗ ಕಣ್ಣು ಕತ್ತಲೆ ಬಂತು.

1959, ಜನವರಿ 14

ಪಕ್ಕದ ಮನೆಯ ಅವಳಿ ಮಕ್ಕಳು ಸತ್ತುಹೋದವು. ಮೊದಲು ಒಂದು, ಮೂರು ದಿನ ಬಿಟ್ಟು ಇನ್ನೊಂದು. ಫೋಟೋದಲ್ಲಿ ತೆನೆಯ ಮೇಲೆ ನಿಂತ ನಾಲ್ಕು ಮಕ್ಕಳಲ್ಲಿ ಎಡಗಡೆಯ ಎರಡು ಅವೇ. ಅವುಗಳ ತಾಯಿ ಅಡುಗೆಮನೆಯ ಕಂಬದ ಮುಂದೆ ನಿಂತು ಪತ್ರಿಕೆಯ ಆ ಮೂಲೆಯನ್ನು ಉಗುರಿನಿಂದ ಮೆಲ್ಲಗೆ ಕೆರೆಯುತ್ತಿದ್ದಳು, ಬಿಡಿಸಿಕೊಳ್ಳಲು. ಅಂಟು ಬಿಡಲಿಲ್ಲ.

ಸಂಜೆ ಸಭೆ. ಕುವಾಂಗ್ ಕಾರ್ಯದರ್ಶಿಗಳೂ ಸೊರಗಿದ್ದಾರೆ, ಜಿಲ್ಲೆಯಲ್ಲಿ ಅವರನ್ನು ಎರಡು ದಿನ ನಿಲ್ಲಿಸಿ ಪ್ರಶ್ನೆ ಕೇಳಿದರಂತೆ. ಅವರು ಒಂದೇ ಮಾತು ಕೇಳಿದರು.

"ನಲವತ್ತೆರಡು ಸಾವಿರ ಬೆಳೆದ ಊರು ಇದು. ಲಾರೀಲಿ ಹೋಗಿದ್ದು ಅದರಲ್ಲಿ ಎಷ್ಟು? ಉಳಿದಿದ್ದು ಎಲ್ಲಿ?"

ಹೌದಲ್ಲ. ಉಳಿದದ್ದು ಎಲ್ಲಿ? ಇಷ್ಟು ದಿನ ನನಗೆ ಹೊಳೆಯಲೇ ಇಲ್ಲ. ಗೋಡೆಯ ಮೇಲೆ ನಾನೇ ಬರೆದಿದ್ದೇನೆ. ಭತ್ತ ಇದೆ. ಯಾರದೋ ನೆಲದಡಿಯಲ್ಲಿ, ಯಾರದೋ ಗೋಡೆಯ ಹಿಂದೆ ಇದೆ. ಅದನ್ನು ಬಚ್ಚಿಟ್ಟವರು ಆ ಎರಡು ಮಕ್ಕಳು ಸಾಯುವುದನ್ನು ನೋಡಿಕೊಂಡು ಕೂತಿದ್ದರು. ನಮ್ಮ ಜೊತೆ ಸಾಲಿನಲ್ಲಿ ನಿಂತು ಗಂಜಿ ಇಸಿದುಕೊಂಡು, ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ತಿಂದರು.

ಅವರು ಸಿಕ್ಕಿದರೆ ನಾನೇ ಹೊಡೆಯುತ್ತೇನೆ. ಇಂಥ ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ. ಮೊದಲೆಲ್ಲ ಸಿಟ್ಟು ಬಂದರೆ ಅದನ್ನು ಎಲ್ಲಿಡಬೇಕು ಎಂದು ತಿಳಿಯುತ್ತಿರಲಿಲ್ಲ. ಈಗ ಗೊತ್ತು.

ತಿರುಗಿಸಿ ನೋಡಿದೆ, ಈ ಪುಟದಲ್ಲಿ ಒಂದೇ ಒಂದು ಸೊನ್ನೆಯೂ ಇಲ್ಲ. ನನ್ನ ಬರವಣಿಗೆ ಸುಧಾರಿಸುತ್ತಿದೆ.

ಜನವರಿ 27

ಮನೆಮನೆ ಹುಡುಕುತ್ತಿದ್ದಾರೆ. ಕಬ್ಬಿಣದ ಸಲಾಕೆಯಿಂದ ನೆಲ ಚುಚ್ಚಿ ನೋಡುತ್ತಾರೆ. ನಮ್ಮ ಮನೆಗೂ ಬಂದರು, ಒಲೆ ಕೆಡವಿದರು, ಏನೂ ಸಿಗಲಿಲ್ಲ. ತಾತ ಪೆಟ್ಟಿಗೆಗೆ ಒರಗಿಕೊಂಡು ಕೂತು, "ಇದನ್ನೂ ತೆಗೀರಪ್ಪ, ಒಳಗೆ ಮಲಗಿ ತೋರಿಸ್ತೀನಿ, ಅಳತೆ ಸರಿಯಾಗಿದ್ಯೋ ಇಲ್ವೋ ನೋಡಿ" ಎಂದ. ಅವರಲ್ಲೊಬ್ಬ ನೆಲಕ್ಕೆ ಉಗಿದು ಅಪಶಕುನ ಎಂದು ಹೊರಗೆ ಹೋದ. ಎಲ್ಲರೂ ಹಿಂದೆಯೇ ಹೋದರು.

ಅತ್ತಿಗೆಯ ಎದೆಯಲ್ಲಿ ಹಾಲು ಬತ್ತಿ ಒಂದು ತಿಂಗಳಾಯಿತು. ಆದರೂ ಅಕ್ಕಿಕಾಳು ಚೆನ್ನಾಗಿದೆ, ಕೆನ್ನೆಯಲ್ಲಿ ಬಣ್ಣವಿದೆ, ಗಟ್ಟಿಯಾಗಿ ಅಳುತ್ತದೆ. ಊರಿನ ಬೇರೆ ಮಕ್ಕಳು ಅಳುವುದನ್ನೇ ನಿಲ್ಲಿಸಿವೆ.

ಫೆಬ್ರವರಿ 7

ನಾಳೆ ಚಾಂದ್ರಮಾನದ ಹೊಸ ವರ್ಷ. ಬಾಗಿಲಿಗೆ ಅಂಟಿಸುವ ಕೆಂಪು ಕಾಗದದ ಮೇಲೆ ಹಾರೈಕೆ ಬರೆಯಲು ಬಣ್ಣ ಬೇಕಾಗಿ ಮಧ್ಯಾಹ್ನ ಮನೆಗೆ ಬಂದೆ. ಎಲ್ಲರೂ ಅಡುಗೆಮನೆಯ ಸಾಲಿನಲ್ಲಿರುವ ಹೊತ್ತು. ಒಳಗೆ ಹೋದರೆ ಪೆಟ್ಟಿಗೆಯ ಮುಚ್ಚಳ ಸರಿದಿತ್ತು, ಅತ್ತಿಗೆ ಮೊಣಕೈವರೆಗೆ ಒಳಗೆ ಕೈ ಹಾಕಿದ್ದಳು.

ತಾತನ ಕೊನೆಯ ಬಟ್ಟೆಗಳ ಕೆಳಗೆ ಭತ್ತ. ಎರಡು ಸಣ್ಣ ಬುಟ್ಟಿಯಷ್ಟಿರಬಹುದು. ಅತ್ತಿಗೆ ದಿನಕ್ಕೆ ಒಂದು ಹಿಡಿ ತೆಗೆದು, ಕಲ್ಲಿನಲ್ಲಿ ಅರೆದು, ಚಹಾದ ತಂಬಿಗೆಯಲ್ಲಿ ಕಾಯಿಸಿ ಮಗುವಿಗೆ ಕುಡಿಸುತ್ತಾಳಂತೆ. ಲಾರಿ ಬರುವ ಹಿಂದಿನ ದಿನವೇ ತಾತ ಬೀಜದ ಭತ್ತವನ್ನು ಅಂಗಿಯ ತೋಳಿನಲ್ಲಿ, ಚಲ್ಲಣದ ಕಾಲಿನಲ್ಲಿ ತುಂಬಿಕೊಂಡು ತಂದಿದ್ದನಂತೆ. ಅತ್ತಿಗೆ ನನ್ನ ಕೈ ಹಿಡಿದುಕೊಂಡಳು.

"ನಮ್ಮಲ್ಲಿ ಒಬ್ರೂ ಒಂದ್ ಕಾಳು ತಿಂದಿಲ್ಲ ಯಾನ್. ಅವ್ವನಾಣೆ. ಪಾಪುಗೆ ಒಂದು ಹಿಡಿ, ಉಳಿದದ್ದು ಬಿತ್ತನೆಗೆ ಅಂತ ತಾತ ಇಟ್ಟಿರೋದು. ಯಾರಾದ್ರೂ ಬಿತ್ತಬೇಕಲ್ವಾ?"

ನಾನು ಕೈ ಬಿಡಿಸಿಕೊಂಡೆ. ಕಪ್ಪು ಬಣ್ಣ ತೆಗೆದುಕೊಂಡು ಹೊರಟುಬಂದೆ.

ಫೆಬ್ರವರಿ 10

ಮೂರು ದಿನದಿಂದ ನಿದ್ದೆಯಿಲ್ಲ. ಇಡೀ ಊರಿನಲ್ಲಿ ಹುಡುಕುತ್ತಿದ್ದದ್ದು ನಮ್ಮ ಮನೆಯಲ್ಲೇ ಇತ್ತು. ಅದಕ್ಕೆ ಹತ್ತು ವರ್ಷ ಎಣ್ಣೆ ಹಚ್ಚಿದ್ದು ನಾನೇ. ಆ ಅವಳಿ ಮಕ್ಕಳ ತಾಯಿ ಇವತ್ತು ನೀರಿಗೆ ಬಂದಿದ್ದಳು, ನನ್ನನ್ನು ನೋಡಿ ತಲೆಯಾಡಿಸಿದಳು. ಅವಳಿಗೆ ಮುಖ ತೋರಿಸುವುದು ಹೇಗೆ? ತಾತ ಬೀಜ ಎನ್ನುತ್ತಾನೆ. ಎಲ್ಲ ಕಳ್ಳರೂ ಒಂದು ಹೆಸರು ಇಟ್ಟೇ ಇಡುತ್ತಾರೆ. ಒಂದು ಮನೆಯಲ್ಲಿ ಇಷ್ಟು ಸಿಕ್ಕಿದರೆ ನೂರು ಮನೆಯಲ್ಲಿ ಎಷ್ಟಿರಬೇಡ. ನಲವತ್ತೆರಡು ಸಾವಿರ ಹೀಗೇ ಹೋಗಿದೆ. ಈಗ ಲೆಕ್ಕ ಸರಿಹೋಯಿತು.

ಅಕ್ಕಿಕಾಳು ನನ್ನನ್ನು ನೋಡಿ ನಗುತ್ತದೆ. ನಾನು ಆ ಕಡೆ ನೋಡುವುದಿಲ್ಲ.

ಫೆಬ್ರವರಿ 15

ಇವತ್ತು ಸಭೆಯಲ್ಲಿ ಮಾತಾಡಿದೆ.

ನಾನಾಗಿ ಎದ್ದು ನಿಂತೆ. ಮುನ್ನೂರು ಜನ ಇದ್ದರು. ಗಂಟಲು ಕಟ್ಟುತ್ತದೆ ಎಂದು ಕಾದೆ, ಕಟ್ಟಲಿಲ್ಲ. ಏಣಿಯ ಮೇಲೆ ನಿಂತು ಬರೆಯುವಾಗ ಹೇಗೆ ಒಂದಾದಮೇಲೆ ಒಂದು ಅಕ್ಷರ ತಾನಾಗಿ ಬರುತ್ತದೋ ಹಾಗೆ ಮಾತು ಬಂತು. ಬೆಳೆಗೆ ಮಿತಿಯಿಲ್ಲ, ಆದರೆ ಬಚ್ಚಿಡುವವರ ಹೊಟ್ಟೆಗೂ ಮಿತಿಯಿಲ್ಲ ಎಂದೆ. ನಮ್ಮ ಮನೆಯ ಪೆಟ್ಟಿಗೆಯೊಳಗೆ ನೋಡಿ ಎಂದೆ. ಎಲ್ಲರೂ ನನ್ನ ಕಡೆ ತಿರುಗಿದರು. ಇಷ್ಟು ವರ್ಷ ಯಾರೂ ನನ್ನ ಕಡೆ ಹಾಗೆ ತಿರುಗಿ ನೋಡಿರಲಿಲ್ಲ.

ಪೆಟ್ಟಿಗೆಯನ್ನು ಸಭೆಗೇ ಎತ್ತಿ ತಂದು ಬೋರಲು ಹಾಕಿದರು. ಭತ್ತ ಸುರಿಯಿತು. ಅವ್ವ ಮುಖ ಮುಚ್ಚಿಕೊಂಡು ಕೂತಿದ್ದಳು. ಅತ್ತಿಗೆ ಮಗುವನ್ನು ಎತ್ತಿಕೊಂಡು ಹೊರಗೆ ಹೋದಳು. ತಾತನನ್ನು ಮುಂದೆ ತಂದು ನಿಲ್ಲಿಸಿದರು. ಕುವಾಂಗ್ ಕಾರ್ಯದರ್ಶಿಗಳು ಅವನ ಮುಖ ನೋಡದೆ, ಒಪ್ಪಿಕೋ ತಾತ, ಊರು ಬೆಳೆದದ್ದರಲ್ಲಿ ಕದ್ದೆ ಎಂದು ಒಪ್ಪಿಕೋ, ಮುಗಿದುಹೋಗುತ್ತದೆ ಎಂದರು. ತಾತ ಅವರ ಕಡೆ ತಿರುಗಲೇ ಇಲ್ಲ. ನನ್ನನ್ನೇ ನೋಡುತ್ತಿದ್ದ.

"ಹನ್ನೊಂದು ಗದ್ದೆದು ಕಿತ್ತು ಒಂದು ಗದ್ದೇಲಿ ಕೊಳೆಸಿದ್ವಿ. ಊರು ಬೆಳೆದಿದ್ದು ಅಷ್ಟೇ. ನೀನೇ ಎಣಿಸಿದ್ಯಲ್ಲ ಮಗ, ನನಗೆ ಬಂದು ಹೇಳಿದೋಳೂ ನೀನೇ. ಆ ಬೆಂಚನ್ನ ತಲೆ ಮೇಲೆ ಹೊತ್ಕೊಂಡು ಹೋದೋಳು ನೀನೇ ಅಲ್ವೇನವ್ವ?"

"ಯಾವ ಬೆಂಚು?" ಎಂದೆ.

ಅದನ್ನು ಬೇಕೆಂದು ಹೇಳಲಿಲ್ಲ. ಆ ಗಳಿಗೆಯಲ್ಲಿ ನನಗೆ ನಿಜವಾಗಿಯೂ ನೆನಪಾಗಲಿಲ್ಲ. ಫೋಟೋದಲ್ಲಿ ಬೆಂಚಿಲ್ಲ. ತಾತ ಬಾಯಿ ತೆರೆದವನು ಮುಚ್ಚಿದ. ಆಮೇಲೆ ಏನು ಕೇಳಿದರೂ ಮಾತಾಡಲಿಲ್ಲ.

ಒಂದು ತಿಂಗಳು ಅವನಿಗೆ ಅಡುಗೆಮನೆಯ ಒಂದು ಸೌಟು ಗಂಜಿಯೂ ಇಲ್ಲ ಎಂದು ತೀರ್ಮಾನವಾಯಿತು. ಎಲ್ಲರೂ ಕೈಯೆತ್ತಿದರು.

ಫೆಬ್ರವರಿ 22

ಕಾರ್ಯದರ್ಶಿಗಳು ನನ್ನನ್ನು ಕರೆದು ಹೊಗಳಿದರು. ಜಿಲ್ಲೆಗೆ ಕಳಿಸಿದ ವರದಿಯಲ್ಲಿ ನನ್ನ ಹೆಸರಿದೆ. ಒಂದು ಶವಪೆಟ್ಟಿಗೆಯಿಂದ ಇಪ್ಪತ್ತು ಬುಟ್ಟಿ ಭತ್ತ ವಶ ಎಂದು ಬರೆದಿದ್ದಾರೆ. ಅದನ್ನು ಗೋಡೆಗೂ ಬರೆದೆ. ಬರೆದು ಕೆಳಗಿಳಿದು ದೂರ ನಿಂತು ನೋಡಿದೆ. ಇಪ್ಪತ್ತು ಬುಟ್ಟಿ. ಸ್ವಂತ ಮೊಮ್ಮಗಳ ಕಣ್ಣೆದುರು.

ಅವ್ವ ತನ್ನ ಗಂಜಿಯಲ್ಲಿ ಅರ್ಧವನ್ನು ಮುದುಕನಿಗೆ ಕೊಡುತ್ತಾಳೆ. ಅದು ತಪ್ಪು ಎಂದು ಹೇಳಿದೆ. ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಬಿಡಲಿ.

ಮಾರ್ಚ್ 4

ತಾತ ಇಲ್ಲ. ನಿನ್ನೆ ಬೆಳಿಗ್ಗೆ. ಚಾಪೆಯಲ್ಲಿ ಸುತ್ತಿ ಗುಡ್ಡದ ಬುಡದಲ್ಲಿ ಮಣ್ಣು ಮಾಡಿದರು. ಪೆಟ್ಟಿಗೆ ಕಮ್ಯೂನಿನ ಹತ್ತಿರ ಇದೆ.

ಚಾಪೆ ಗಿಡ್ಡವಾಗಿತ್ತು. ಕಾಲು ಹೊರಗಿತ್ತು.

ಮಾರ್ಚ್ 9

ಏನೂ ಬರೆಯಲು ತೋಚುತ್ತಿಲ್ಲ. ಅಕ್ಕಿಕಾಳು ಈಗ ಅಳುವುದಿಲ್ಲ. ಅತ್ತಿಗೆ ಇಡೀ ದಿನ ಅದನ್ನು ಎದೆಗೆ ಹಿಡಿದುಕೊಂಡು ಊಟದ ಬೆಂಚಿನ ಮೇಲೆ ಕೂತಿರುತ್ತಾಳೆ. ಬೆಂಚು ಒಂದು ಕಡೆಗೆ ವಾಲುತ್ತದೆ, ಅದರ ಕಾಲಿಗೆ ಕಟ್ಟಿದ್ದ ಬಿದಿರು ಬಿದ್ದುಹೋಗಿದೆ. ಕಟ್ಟುವವರು ಯಾರೂ ಇಲ್ಲ.

ಇದೆಲ್ಲ ಬಚ್ಚಿಟ್ಟವರಿಂದ ಆದದ್ದು.

ಮಾರ್ಚ್ 17

ಹೊಸ ಬೆಳೆಯ ಗುರಿ ಬಂದಿದೆ, ಒಂದು ಗದ್ದೆಗೆ ಅರವತ್ತು ಸಾವಿರ ಜಿನ್. ಗೋಡೆಗಳೆಲ್ಲ ತುಂಬಿವೆ, ಊರಬಾಗಿಲಿಗೆ ದೊಡ್ಡ ಹಲಗೆ ನಿಲ್ಲಿಸಿ ಅದರ ಮೇಲೆ ಬರೆ ಎಂದರು ಕಾರ್ಯದರ್ಶಿಗಳು. ನಿನ್ನೆ ಬಡಗಿ ಹಲಗೆಗಳನ್ನು ಜೋಡಿಸಿ ಕೊಟ್ಟಿದ್ದಾನೆ. ಒಳ್ಳೆಯ ಮರ, ಅಗಲವಾಗಿದೆ, ಒಂದು ಗಂಟೂ ಇಲ್ಲ.

ಇವತ್ತು ಬೆಳಿಗ್ಗೆ ಅದಕ್ಕೆ ಸುಣ್ಣ ಬಳಿದೆ. ಹಿಡಿಯಲಿಲ್ಲ. ಕುಂಚ ಎಳೆದ ಕಡೆಯೆಲ್ಲ ಸುಣ್ಣ ಹನಿಹನಿಯಾಗಿ ಒಡೆದು ಕೆಳಗೆ ಜಾರಿತು. ಎರಡನೆಯ ಸಲ ಗಟ್ಟಿಯಾಗಿ ಕಲಸಿ ಬಳಿದೆ, ಅದೂ ಜಾರಿತು, ಮೂಲೆಯಲ್ಲಂತೂ ಒಂದು ತೊಟ್ಟೂ ನಿಲ್ಲಲಿಲ್ಲ. ಬೆರಳಿನಿಂದ ತಟ್ಟಿ ನೋಡಿದೆ. ಹತ್ತು ವರ್ಷ ಎಣ್ಣೆ ಕುಡಿದ ಮರ. ಮೈಯೆಲ್ಲ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಹೊಳೆಯಿಂದ ಒರಟು ಮರಳು ತಂದು, ಮಂಡಿಯೂರಿ ಕೂತು, ಎಣ್ಣೆಯ ಹೊಳಪು ಹೋಗುವವರೆಗೆ ಉಜ್ಜಿದೆ. ಮೂಲೆಯನ್ನು ಎಲ್ಲಕ್ಕಿಂತ ಹೆಚ್ಚು ಉಜ್ಜಿದೆ. ಬೆರಳ ಸಂದಿಯ ಹಳೆಯ ಗಾಯ ಬಾಯಿಬಿಟ್ಟಿತು. ಅದು ಯಾವಾಗ ಆದದ್ದೋ.

ಮೂರನೆಯ ಸಲ ಹಿಡಿಯಿತು.